ಜೋಡಿ ಕೊಕ್ಕರೆಯ ಕಾವಲುಗಾರ

ಕಟ್ಟೆಮಳಲವಾಡಿಯ ಕಟ್ಟೆ ನೀರಿನಲ್ಲಿ ಮೀನಿಗಾಗಿ ಹೊಂಚು ಹಾಕಿ ನಿಂತ ಕೊಕ್ಕರೆಗಳು, ಏರಿಯ ಮೇಲೆ ಒಂದು ಹಳೆಯ ಮೊಪೆಡ್ಡಿನ ಕಟಕಟ ಸದ್ದು ಕೇಳಿಬಂದ ಕೂಡಲೇ ಮೀನಿನ ಆಸೆ ಬಿಟ್ಟು, ಕತ್ತು ನೆಟ್ಟಗೆ ಮಾಡಿಕೊಂಡು, ಎತ್ತಿದ ಕಾಲನ್ನು ಇರಬೇಕಾದ ಕೋನಕ್ಕೆ ಮಡಚಿ, ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದವು ಎಂದು ಹುಣಸೂರು ಸೀಮೆಯಲ್ಲಿ ಒಂದು ಐತಿಹ್ಯವಿದೆ. ಮೊಪೆಡ್ಡು ಬಿಳಿಕೆರೆ ದಾಟಿತೆಂದು ಖಾತ್ರಿಯಾದ ಮೇಲಷ್ಟೇ ಅವು ಮತ್ತೆ ಸಂಸಾರದ ಕಡೆ ಗಮನ ಕೊಡುತ್ತಿದ್ದವಂತೆ. ಇದನ್ನು ನಾನು ಕಣ್ಣಾರೆ ಕಂಡಿಲ್ಲ. ಆದರೆ ಮೊಪೆಡ್ಡಿನ ಮೇಲಿದ್ದ ಮಂಚಯ್ಯನನ್ನು ಕಂಡಿದ್ದೇನೆ. ಕಂಡಂದಿನಿಂದ ಆ ಹಕ್ಕಿಗಳ ಭಯ ಅಕಾರಣವಲ್ಲ ಎಂದು ನಂಬಿದ್ದೇನೆ.

ಮಂಚಯ್ಯ ಕೆ.ಆರ್. ನಗರದ ವೀರಭದ್ರಸ್ವಾಮಿಯವರ ಅಕ್ಕಿ ಗಿರಣಿಯ ಆಳು. ಆ ಗಿರಣಿಯ ಅಕ್ಕಿಗೆ ‘ಜೋಡಿ ಕೊಕ್ಕರೆ’ ಎಂದು ಮಾರ್ಕು. ನೀಲಿ ಬಣ್ಣದ ಮೇಲೆ ಎರಡು ಬಿಳಿ ಕೊಕ್ಕರೆಗಳು ಒಂದೊಂದು ಕಾಲೆತ್ತಿಕೊಂಡು, ಕತ್ತಿಗೆ ಕತ್ತು ಅಡ್ಡ ಹಾಯಿಸಿ ನಿಂತಿವೆ. ಎಡಗಡೆಯದರ ಕತ್ತು ಮುಂದೆ, ಬಲಗಡೆಯದರ ಕತ್ತು ಅದರ ಹಿಂದೆ. ಗೋಣಿಚೀಲ, ಊರ ಗೋಡೆ, ಬಸ್ಸಿನ ಬೆನ್ನು, ಅಂಗಡಿಯ ಬೋರ್ಡು, ಹೊಸ ವರ್ಷದ ಕ್ಯಾಲೆಂಡರು, ಟೆಂಟ್ ಸಿನಿಮಾದ ಸ್ಲೈಡು, ಆಮೇಲೆ ಬಂದ ಕೇಬಲ್ ಟಿವಿ, ಹೀಗೆ ನಾಲ್ಕು ತಾಲ್ಲೂಕುಗಳಲ್ಲಿ ಈ ಜೋಡಿ ಎಲ್ಲೆಲ್ಲಿ ಕಾಣಿಸಿಕೊಳ್ಳುತ್ತದೆಯೋ ಅಲ್ಲೆಲ್ಲ ಒಂದೇ ತೆರನಾಗಿ ಕಾಣಿಸಿಕೊಳ್ಳಬೇಕು. ಹಾಗೆ ಕಾಣಿಸುವಂತೆ ನೋಡಿಕೊಳ್ಳುವುದೊಂದೇ ಮಂಚಯ್ಯನ ಕೆಲಸ. ಈಗ ಇದಕ್ಕೆ ದೊಡ್ಡ ದೊಡ್ಡ ಕಂಪನಿಗಳು ಕತ್ತಿಗೆ ಟೈ ಕಟ್ಟಿದ ಒಂದು ಪಡೆಯನ್ನೇ ಸಾಕುತ್ತವೆ. ಮಂಚಯ್ಯನಿಗಿದ್ದದ್ದು ಒಂದು ಖಾಕಿ ಕೋಟು.

ಆ ಕೋಟು ಮೂಲದಲ್ಲಿ ವೀರಭದ್ರಸ್ವಾಮಿಯವರದು. ಅವರು ಗಿರಣಿಯ ಬಾಗಿಲಲ್ಲಿ ಸ್ವಲ್ಪ ಓರೆಯಾಗಿ ಒಳಬರಬೇಕಾದಷ್ಟು ದಪ್ಪ. ಮಂಚಯ್ಯ ಕಿಟಕಿಯ ಸರಳುಗಳ ನಡುವೆ ತೂರಬಹುದಾದಷ್ಟು ಸಣ್ಣ. ಮೊಪೆಡ್ಡು ವೇಗ ಹಿಡಿದಾಗ ಕೋಟಿನೊಳಗೆ ಗಾಳಿ ತುಂಬಿ, ಹಿಂದಿನಿಂದ ನೋಡಿದವರಿಗೆ ಒಂದು ಅಕ್ಕಿಮೂಟೆಯೇ ಹ್ಯಾಂಡಲ್ ಹಿಡಿದು ಹೋಗುತ್ತಿರುವಂತೆ ಕಾಣುತ್ತಿತ್ತು. ಅದರ ಎಡ ಜೇಬಿನಲ್ಲಿ ಕೊಕ್ಕರೆಯ ತಗಡಿನ ಅಚ್ಚು, ಬಲ ಜೇಬಿನಲ್ಲಿ ಗಂಟು ಗಂಟು ಹಾಕಿದ ಒಂದು ದಾರ. ಮೈಗೆ ಇಷ್ಟು, ಕಾಲಿಗೆ ಇಷ್ಟು, ಕೊಕ್ಕಿಗೆ ಇಷ್ಟು, ಕತ್ತು ಕತ್ತನ್ನು ಹಾಯುವ ಎಡೆಗೆ ಇಷ್ಟು ಎಂದು ಆ ಗಂಟುಗಳಲ್ಲಿ ಒಂದು ಶಾಸ್ತ್ರವೇ ಅಡಗಿತ್ತು. ಗೋಡೆಯ ಮುಂದೆ ಮೊಪೆಡ್ ನಿಲ್ಲಿಸಿ, ದಾರ ಹಿಡಿದು ಅಳೆದು, ಹತ್ತು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ, ಬಲಗಾಲನ್ನು ಎತ್ತಿ ಎಡ ಮೊಣಕಾಲಿಗೆ ಆನಿಸಿ ನಿಂತುಬಿಟ್ಟನೆಂದರೆ, ಯಾವುದು ಗೋಡೆಯದು ಯಾವುದು ಬೀದಿಯದು ಎಂದು ಹೊಸಬರು ಗಲಿಬಿಲಿಗೊಳ್ಳುತ್ತಿದ್ದರು. ಪೇಂಟರುಗಳ ಪಾಲಿಗೆ ಅವನ ತೀರ್ಪು ಯಾವಾಗಲೂ ಒಂದೇ ಮಾತಿನದು: “ಒಂದ್ ನೂಲ್ ಜಾಸ್ತಿ ಆಯ್ತು. ಅಳ್ಸು.” ನೂಲೆಂದರೆ ಗಾರೆಯವರ ಲೆಕ್ಕದಲ್ಲಿ ಅಂಗುಲದ ಎಂಟನೇ ಒಂದು ಭಾಗ. ಬಸ್ಸಿನ ಬೆನ್ನಿನಷ್ಟು ದೊಡ್ಡ ಹಕ್ಕಿಯಲ್ಲೂ ಅವನ ಕಣ್ಣಿಗೆ ಅದು ಹೊಡೆದು ಕಾಣುತ್ತಿತ್ತು.

ಒಂಟಿಗಾಲಿನ ಆ ನಿಲುವನ್ನು ನೋಡಿ ನಕ್ಕವರಿಗೆ ಅದರ ಕಾರಣ ಗೊತ್ತಿರಲಿಲ್ಲ. ಮಂಚಯ್ಯ ಮೊದಲು ಅದೇ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದವನು. ತೊಂಬತ್ತನೆಯ ಇಸವಿಯಲ್ಲಿ ಅಟ್ಟಿಯಿಂದ ಮೂಟೆಯೊಂದು ಜಾರಿ ಸೊಂಟದ ಮೇಲೆ ಬಿತ್ತು. ಅಂದಿನಿಂದ ಎರಡೂ ಕಾಲೂರಿ ಹೆಚ್ಚು ಹೊತ್ತು ನಿಲ್ಲಲಾರ. ಹೊರೆ ಹೊರಲಾರದ ಹಮಾಲಿಯನ್ನು ಏನು ಮಾಡುವುದೆಂದು ಗಿರಣಿ ಯೋಚಿಸುತ್ತಿದ್ದಾಗಲೇ ಬಿಳಿಕೆರೆಯ ಪ್ರಸಂಗ ನಡೆಯಿತು.

ಅಲ್ಲಿಯ ಅಂಗಡಿಯೊಂದರಲ್ಲಿ ಜೋಡಿ ಕೊಕ್ಕರೆ ಚೀಲಗಳ ಸಾಲು ನೋಡಿ ಮಂಚಯ್ಯ ನಿಂತ. “ಸಾವ್ಕಾರ್ರೇ, ಇವು ನಮ್ ಕೊಕ್ಕರೆ ಅಲ್ಲ.”

“ಎಸ್ರು ನೋಡ್ಲಾ, ದಪ್ಪಗ್ ಬರ್ದವ್ರೆ,” ಎಂದ ಅಂಗಡಿಯವ.

“ಎಸ್ರು ಏನಾರ ಬರ್ಕಳ್ಳಿ. ಇವುಗಳ ಕತ್ತು ಅಡ್ಡ ದಾಟಿಲ್ಲ, ಒಂದಕ್ಕೊಂದು ಅಂಟ್ಕಂಡವೆ.”

ನಿಜವಾಗಿಯೂ ಅವು ಕಳ್ಳ ಚೀಲಗಳಾಗಿದ್ದವು. ಓದು ಬಲ್ಲ ಗುಮಾಸ್ತರು ಮೂವರು ಅದೇ ಅಂಗಡಿಗೆ ಹೋಗಿ ಬಂದಿದ್ದರು. ಅವರು ಅಕ್ಷರ ನೋಡಿದ್ದರು, ಹಕ್ಕಿ ನೋಡಿರಲಿಲ್ಲ. ಮಂಚಯ್ಯನಿಗೆ ಅಕ್ಷರ ಬರುತ್ತಿರಲಿಲ್ಲ, ಆದ್ದರಿಂದ ಹಕ್ಕಿಯನ್ನು ಓದಿದ್ದ. ವೀರಭದ್ರಸ್ವಾಮಿಯವರು ಅವನನ್ನು ಕರೆಸಿ, ತಮ್ಮ ಕೋಟು ಬಿಚ್ಚಿ ಕೊಟ್ಟು ಹೇಳಿದರಂತೆ: “ನಮ್ ಅಕ್ಕಿ ತಗಳೋರ್ಗೆ ಮುಕ್ಕಾಲ್ ಪಾಲು ನಿನ್ನಂಗೇ ಓದಕ್ ಬರಕಿಲ್ಲ ಕಣ್ಲಾ ಮಂಚ. ಅವರ್ಗೆ ಈ ಚಿತ್ರಾನೇ ನನ್ ರುಜು. ರುಜು ಊರಿಗೊಂದ್ ತರ ಇದ್ರೆ ಯಾರ್ ನಂಬ್ತಾರೆ? ಎರಡೂ ಎಲ್ ನೋಡುದ್ರೂ ಒಂದೇ ತರ ಇರ್ಬೇಕು. ಅದು ನಿನ್ ಜವಾಬ್ದಾರಿ.”

ರಾಜ್ಯಭಾರ ವಹಿಸಿಕೊಂಡವನ ಹಾಗೆ ಮಂಚಯ್ಯ ಆ ಮಾತನ್ನು ವಹಿಸಿಕೊಂಡ. ದಿಗ್ವಿಜಯಗಳು ಶುರುವಾದವು. ಹುಣಸೂರಿನ ಪೇಂಟರ್ ಜವರಯ್ಯ ಒಮ್ಮೆ ಎಚ್.ಡಿ. ಕೋಟೆಯ ಬಸ್ ನಿಲ್ದಾಣದ ಗೋಡೆಯಲ್ಲಿ ಕಲ್ಪನಾಶಕ್ತಿಗೆ ಸ್ವಲ್ಪ ಸಡಿಲ ಕೊಟ್ಟು, ಮುಂದಿನ ಕೊಕ್ಕರೆಯ ಬಾಯಿಗೆ ಒಂದು ಬೆಳ್ಳಿ ಬಣ್ಣದ ಮೀನು ಕೊಟ್ಟುಬಿಟ್ಟಿದ್ದ.

“ಏನ್ಲಾ ಇದು?”

“ಪಾಪ, ವರ್ಷಾನ್ಗಟ್ಲೆ ಅಸ್ಕಂಡ್ ನಿಂತವೆ ಕಣಣ್ಣ. ನಂಗೇ ಹೊಟ್ಟೆ ಉರೀತು. ಒಂದ್ ಮೀನ್ ಕೊಟ್ಟೆ.”

“ಲೇ ಜವರ, ಲಿಂಗ ಕಟ್ಕಂಡೋರ್ ಮಿಲ್ಲಿನ್ ಕೊಕ್ಕರೆ ಕಣ್ಲಾ ಅದು! ಮೀನ್ ಮುಟ್ಟದಾ? ಅಳ್ಸು!”

ಹೀಗೆ ಲೋಕದಲ್ಲಿಯೇ ಪ್ರಥಮ ಬಾರಿಗೆ ಕೊಕ್ಕರೆಗಳು ಸಸ್ಯಾಹಾರಕ್ಕೆ ಹೊರಳಿದವು.

ಪಿರಿಯಾಪಟ್ಟಣದ ಟೆಂಟಿನಲ್ಲಿ ಒಂದು ಸಂಜೆ ಸ್ಲೈಡನ್ನು ಯಾರೋ ತಿರುಗುಮುರುಗಾಗಿ ಹಾಕಿದರು. ಅಕ್ಷರಗಳೆಲ್ಲ ಉಲ್ಟಾ ಬಂದು ಜನ ಶಿಳ್ಳೆ ಹಾಕಿ ನಗುತ್ತಿದ್ದರೆ, ಮಂಚಯ್ಯ ಬೆಂಚಿನ ಮೇಲೆ ಹತ್ತಿ “ನಿಲ್ಸ್ರೋ, ಬಲಗಡೇದು ಮುಂದಕ್ ಬಂದ್ಬುಡ್ತು!” ಎಂದು ಕೂಗಿದ. ಅವನಿಗೆ ಅಕ್ಷರ ಉಲ್ಟಾ ಆದದ್ದು ಕಂಡಿರಲೇ ಇಲ್ಲ. ಸ್ಲೈಡು ನೆಟ್ಟಗಾಗುವವರೆಗೆ ಅವನೂ ಕೆಳಗಿಳಿಯಲಿಲ್ಲ, ಸಿನಿಮಾವೂ ಮುಂದುವರಿಯಲಿಲ್ಲ. ಕೇಬಲ್ ಟಿವಿಯಲ್ಲಿ ಹಕ್ಕಿಗಳು ಅಡ್ಡಕ್ಕೆ ಉಬ್ಬಿಕೊಂಡು ಬಂದಾಗ, “ಬಾತ್ಕೋಳಿ ಮಾಡವ್ರೆ ಕಣ್ರೀ” ಎಂದು ಕೇಬಲ್‌ನವನ ಮನೆಯ ಜಗಲಿಯಲ್ಲಿ ಅರ್ಧ ದಿನ ಕೂತಿದ್ದ.

ಅವನ ಹೆಂಡತಿ ಚಿಕ್ಕಬೀರಮ್ಮನಿಗೆ ಮಾತ್ರ ಈ ವೈಭವದ ಬಗ್ಗೆ ಯಾವ ಗೌರವವೂ ಇರಲಿಲ್ಲ. ಮಿರ್ಲೆಯ ಮನೆಯ ಬಾಗಿಲಲ್ಲಿ ಒಂದು ಹಬ್ಬದ ದಿನ ಅವಳು ಪ್ರೀತಿಯಿಂದ ಎರಡು ಕೊಕ್ಕರೆ ರಂಗೋಲಿ ಬಿಟ್ಟಳು. ಮಂಚಯ್ಯ ಜೇಬಿಗೆ ಕೈ ಹಾಕಿ ದಾರ ತೆಗೆದ.

“ಬುಡು, ಬುಡು, ಆ ದಾರ ಒಳಕ್ಕಿಕ್ಕು,” ಎಂದಳು. “ನನ್ ಮೂಗು ಸೊಟ್ಟಗದೆ. ಮದ್ವೆ ಆಗಿ ಇಪ್ಪತ್ತೈದ್ ವರ್ಷ ಆಯ್ತು, ನಿನ್ ಕಣ್ಣಿಗ್ ಬಿದ್ದಿಲ್ಲ. ಕೊಕ್ಕರೆ ಕಾಲು ಸೊಟ್ಟಗಿರೋದ್ ಮಾತ್ರ ಕಾಣ್ತದೆ ನಿಂಗೆ.”

ಮಂಚಯ್ಯ ಅವಳ ಮೂಗನ್ನು ಗಮನವಿಟ್ಟು ನೋಡಿದ. “ಒಂದ್ ನೂಲು,” ಎಂದ. ಅಂದು ಅವನಿಗೆ ಹೋಳಿಗೆ ಸಿಗಲಿಲ್ಲ.

ವೀರಭದ್ರಸ್ವಾಮಿಯವರು ತೊಂಬತ್ತೊಂಬತ್ತರಲ್ಲಿ ತೀರಿಕೊಂಡರು. ಅವರಿಗೆ ಇಬ್ಬರು ಗಂಡುಮಕ್ಕಳು, ಉಮಾಶಂಕರ ದೊಡ್ಡವನು, ಲಿಂಗರಾಜು ಚಿಕ್ಕವನು. ಇಬ್ಬರೂ ಕೆಟ್ಟವರಲ್ಲ. ಗಿರಣಿಯ ಕೋಣೆಯಲ್ಲಿ ಅಪ್ಪನ ಕುರ್ಚಿ ಒಂದಿತ್ತು. ಅದರಲ್ಲಿ ಯಾರು ಕೂರಬೇಕೆಂದು ಯಾರೂ ಹೇಳಿ ಹೋಗಿರಲಿಲ್ಲ. ಮೊದಲ ವರ್ಷ ಇಬ್ಬರೂ ಕೂರಲಿಲ್ಲ. ಎರಡನೆಯ ವರ್ಷ ಒಬ್ಬ ಕೂತ. ಮೂರನೆಯ ವರ್ಷ, ಮಿರ್ಲೆಯಲ್ಲೇ ಇದ್ದ ಅವರ ಹಿರಿಮನೆಯ ಪಡಸಾಲೆಯಲ್ಲಿ ಪಾಲು ಪಂಚಾಯ್ತಿ ಸೇರಿತು.

ಆ ಕಡೆಯ ಪದ್ಧತಿ ನ್ಯಾಯವಾದದ್ದು. ದೊಡ್ಡವನು ಪಾಲು ಹಾಕಬೇಕು, ಚಿಕ್ಕವನು ಮೊದಲು ಆರಿಸಿಕೊಳ್ಳಬೇಕು. ಹಾಕುವವನಿಗೆ ಮೋಸ ಮಾಡುವ ಮನಸ್ಸೇ ಬಾರದಂಥ ಏರ್ಪಾಡು. ಗದ್ದೆ, ಬೆದ್ದಲು, ಪಾತ್ರೆಪಡಗ ಎಲ್ಲ ಹಾಗೆಯೇ ಹಂಚಿಹೋದವು. ಕೆ.ಆರ್. ನಗರದ ಗಿರಣಿ, ಜೊತೆಗೆ ಪಿರಿಯಾಪಟ್ಟಣದ ವ್ಯಾಪಾರ ಉಮಾಶಂಕರನಿಗೆ. ಹುಣಸೂರಿನ ಹೊಸ ಗಿರಣಿ, ಜೊತೆಗೆ ಎಚ್.ಡಿ. ಕೋಟೆಯ ವ್ಯಾಪಾರ ಲಿಂಗರಾಜುವಿಗೆ. ಕೊನೆಗೆ ಉಳಿದದ್ದು ಮಾರ್ಕು. ಮುಟ್ಟಿ ನೋಡಲಾಗದ ಆಸ್ತಿಯನ್ನು ಅದುವರೆಗೆ ಹಂಚಿ ಗೊತ್ತಿರದ ಪಂಚಾಯ್ತಿದಾರರು ಇನ್ನೊಂದು ಸುತ್ತು ಎಲೆಯಡಿಕೆ ಹಾಕಿಕೊಂಡರು. ಆಮೇಲೆ ಅವರಲ್ಲಿ ಹಿರಿಯರೊಬ್ಬರು ಕೈಕೊಡವಿ ಹೇಳಿದರು:

“ಅದಕ್ಕೇನ್ ತಲೆ ಕೆಡ್ಸ್ಕಳದು? ಜೋಡೆತ್ತಿದ್ರೆ ಏನ್ ಮಾಡ್ತೀವಿ? ಅಂಗೇಯ. ಒಬ್ಬೊಬ್ಬನ್ಗೆ ಒಂದೊಂದು.”

ಎಲ್ಲರಿಗೂ ಅದು ಬಹಳ ಸರಿಯಾಗಿ ಕಂಡಿತು. ಕ್ಯಾಲೆಂಡರ್ ತಂದು ಚಾಪೆಯ ಮೇಲೆ ಹರಡಿದರು. ಲಿಂಗರಾಜು ಬಗ್ಗಿ ನೋಡಿ, “ನಂಗೆ ಮುಂದಲ್ದು,” ಎಂದ.

ಕಂಬದ ಬಳಿ ಒಂದು ಕಾಲೆತ್ತಿ ನಿಂತಿದ್ದ ಮಂಚಯ್ಯ, ಯಾರೂ ಕೇಳದಿದ್ದರೂ ಬಾಯಿ ಬಿಟ್ಟ. “ಇಂದಲ್ದಕ್ಕೆ ಕತ್ತಿಲ್ಲ ಬುದ್ಧಿ.”

“ಕತ್ತಿಲ್ದೆ ತಲೆ ಎಂಗ್ ನಿಂತದೆ ಬಡ್ಡೆತ್ತದೆ?” ಎಂದು ಹಿರಿಯರು ನಕ್ಕರು. ಪಡಸಾಲೆಯೂ ನಕ್ಕಿತು. ಮಂಚಯ್ಯ ಹೇಳಿದ್ದು ಅಕ್ಷರಶಃ ನಿಜ. ಹಿಂದಿನ ಕೊಕ್ಕರೆಯ ಕತ್ತಿನಲ್ಲಿ ಅಂಗೈ ಅಗಲದಷ್ಟು ಭಾಗವನ್ನು ಮುಂದಿನದರ ಕತ್ತು ಮರೆಮಾಡಿತ್ತು. ಆ ಭಾಗವನ್ನು ಯಾರೂ, ಯಾವತ್ತೂ ಬರೆದೇ ಇರಲಿಲ್ಲ. ಮುಂದಿನದನ್ನು ತೆಗೆದರೆ ಹಿಂದಿನದರ ರುಂಡ ಬೇರೆ, ಮುಂಡ ಬೇರೆ. ಅದು ಅಲ್ಲಿದ್ದವರಲ್ಲಿ ಒಬ್ಬನಿಗೆ ಮಾತ್ರ ಕಂಡಿತ್ತು.

ಮುಂದಿನ ಹನ್ನೊಂದು ದಿನ ಮಂಚಯ್ಯನ ಮೊಪೆಡ್ಡು ಗೋಡೆ ನೋಡಲಿಲ್ಲ. ಹುಣಸೂರಿನಿಂದ ಕೆ.ಆರ್. ನಗರಕ್ಕೆ, ಕೆ.ಆರ್. ನಗರದಿಂದ ಹುಣಸೂರಿಗೆ ಓಡಾಡಿತು. ಎರಡು ಸಾಮ್ರಾಜ್ಯಗಳ ನಡುವೆ ಸಂಧಾನಕ್ಕೆ ಹೊರಟ ರಾಯಭಾರಿ, ಪೆಟ್ರೋಲ್ ಬಂಕಿನ ಹುಡುಗಿಗೂ ಪರಿಚಿತನಾದ.

“ಅಣ್ಣಾರೆ,” ಎಂದ ಲಿಂಗರಾಜುವಿಗೆ, “ಮನೆ ಬ್ಯಾರೆ ಮಾಡ್ಕಳಿ, ಮಿಲ್ಲು ಬ್ಯಾರೆ ಮಾಡ್ಕಳಿ. ಬರೀ ಗ್ವಾಡೆ ಮ್ಯಾಲಾದ್ರೂ ಇಬ್ರೂ ಜೊತೇಗಿರಿ.”

ಲಿಂಗರಾಜು ಬಹಳ ಹೊತ್ತು ಮೇಜಿನ ಮೇಲಿನ ಅಕ್ಕಿಯ ಸ್ಯಾಂಪಲ್ಲಿನಲ್ಲಿ ಬೆರಳಾಡಿಸಿದ. “ಅಣ್ಣ ಒಪ್ಪುದ್ನಾ?”

“ನೀವ್ ಒಪ್ಪುದ್ರೆ ಒಪ್ತೀನಿ ಅಂದ್ರು.”

“ಅಂಗಂದ್ರೆ ಒಪ್ಪಿಲ್ಲ ಬುಡು.”

ಕೆ.ಆರ್. ನಗರದಲ್ಲಿ ಉಮಾಶಂಕರನೂ ಇದೇ ಪ್ರಶ್ನೆ ಕೇಳಿ, ಇದೇ ಉತ್ತರ ಕೇಳಿಸಿಕೊಂಡು, ಇದೇ ಮಾತು ಹೇಳಿದ. ಅಣ್ಣತಮ್ಮಂದಿರ ನಡುವೆ ಒಂದು ನೂಲಿನ ವ್ಯತ್ಯಾಸವೂ ಇರಲಿಲ್ಲ. ಅದೇ ಕಷ್ಟವಾಗಿತ್ತು.

ಹನ್ನೆರಡನೆಯ ದಿನ ಅಳಿಸುವ ಕೆಲಸಕ್ಕೆ ಬೇರೆ ಯಾರನ್ನಾದರೂ ಗೊತ್ತು ಮಾಡುವ ಮಾತು ಬಂದಾಗ ಮಂಚಯ್ಯ ತಾನಾಗಿಯೇ ಮುಂದೆ ಬಂದ. “ಯಾರೋ ಬಂದು ಅಡ್ಡಾದಿಡ್ಡಿ ಬಳುದ್ರೆ? ನಾನೇ ಮಾಡುಸ್ತೀನಿ,” ಎಂದ. ನಾಲ್ಕು ತಾಲ್ಲೂಕು, ನೂರಕ್ಕೂ ಹೆಚ್ಚು ಗೋಡೆ. ಜೊತೆಗೆ ಪೇಂಟರ್ ಜವರಯ್ಯ, ಒಂದು ಏಣಿ, ನೀಲಿ ಬಣ್ಣದ ಡಬ್ಬಗಳು.

ಮೊದಲು ಕೋಟೆ, ಹುಣಸೂರು. ಅಲ್ಲಿ ಹಿಂದಿನ ಹಕ್ಕಿ ಹೋಗಬೇಕು, ಮುಂದಿನದು ಉಳಿಯಬೇಕು. ಕೆಲಸ ಸುಲಭ. ನೀಲಿ ಬಣ್ಣ ಬಳಿಯುತ್ತ ಹೋದಂತೆ ಮೊದಲು ಕಾಲು, ಆಮೇಲೆ ಮೈ, ಆಮೇಲೆ ಕಣ್ಣು. ಉಳಿದ ಹಕ್ಕಿ, ಇಷ್ಟು ವರ್ಷ ಯಾವುದರ ಮೇಲೆ ಕತ್ತು ಒರಗಿಸಿತ್ತೋ ಅದು ಇಲ್ಲವಾದರೂ, ಬರಿಗಾಳಿಯ ಮೇಲೆ ಹಾಗೆಯೇ ಕತ್ತು ಬಗ್ಗಿಸಿಕೊಂಡು ನಿಂತಿತು. ಹುಣಸೂರಿನ ಸಂತೆಯಲ್ಲಿ ಸೊಪ್ಪು ಮಾರುವ ಮರಮ್ಮ ಬುಟ್ಟಿ ಇಳಿಸಿ ನೋಡುತ್ತ ನಿಂತಳು. “ಅಯ್ಯೋ, ಇದ್ರ ಜೊತೇದು ಎಲ್ಲೋಯ್ತಪ್ಪ?”

“ಪಾಲಾಯ್ತು ಕಣಮ್ಮ,” ಎಂದ ಜವರಯ್ಯ. ಮಂಚಯ್ಯ ಏಣಿ ಹಿಡಿದುಕೊಂಡು ನೆಲ ನೋಡುತ್ತಿದ್ದ.

ಆಮೇಲೆ ಪಿರಿಯಾಪಟ್ಟಣ, ಕೆ.ಆರ್. ನಗರ. ಇಲ್ಲಿ ಮುಂದಿನದು ಹೋಗಬೇಕು. ಮೊದಲನೆಯ ಗೋಡೆಯಲ್ಲಿ ಅದನ್ನು ಅಳಿಸಿದ ಕೂಡಲೇ ಅವನು ಪಂಚಾಯ್ತಿಯಲ್ಲಿ ಹೇಳಿದ್ದು ಕಣ್ಣೆದುರಿಗೆ ಬಂತು. ಮೇಲೆ ಒಂದು ತಲೆ, ಕೆಳಗೆ ಒಂದು ಮೈ, ನಡುವೆ ನೀಲಿ. ಜವರಯ್ಯ ಬಿಳಿ ಬಣ್ಣದಲ್ಲಿ ಕುಂಚ ಅದ್ದಿ, ರೂಢಿಯಂತೆ ಕೇಳಿದ: “ಅಣ್ಣ, ಇಲ್ಲಿ ಎಷ್ಟು ನೂಲು?”

ಮಂಚಯ್ಯ ದಾರ ತೆಗೆದ. ಒಂದೊಂದೇ ಗಂಟು ಬೆರಳಲ್ಲಿ ಸರಿಸುತ್ತ ಕೊನೆಯವರೆಗೂ ಹೋದ. ಇದಕ್ಕೆ ಗಂಟಿರಲಿಲ್ಲ. ತಗಡಿನ ಅಚ್ಚನ್ನು ತೆಗೆದು ತಿರುಗಿಸಿ ನೋಡಿದ. ಅದರಲ್ಲೂ ಇರಲಿಲ್ಲ.

“ನಿಂಗ್ ತೋಚ್ದಂಗ್ ಬರೀಲಾ,” ಎಂದ.

ಜವರಯ್ಯ ಕುಂಚವನ್ನು ಡಬ್ಬದ ಮೇಲಿಟ್ಟು ಅವನ ಮುಖ ನೋಡಿದ. ಹನ್ನೊಂದು ವರ್ಷದಲ್ಲಿ ಆ ಬಾಯಿಂದ ಅಂಥ ಮಾತು ಅವನು ಕೇಳಿರಲಿಲ್ಲ. ಒಂದು ಮೀನಿಗಾಗಿ ಬೈಸಿಕೊಂಡ ಮನುಷ್ಯನಿಗೆ ಆ ಸ್ವಾತಂತ್ರ್ಯ ಸಿಕ್ಕಿದಾಗ ಕುಂಚವನ್ನು ಎಲ್ಲಿಂದ ಎಲ್ಲಿಗೆ ಎಳೆಯುವುದೆಂದೇ ತಿಳಿಯಲಿಲ್ಲ. ಆ ಎರಡು ತಾಲ್ಲೂಕುಗಳಲ್ಲಿ ಒಂದು ಕತ್ತು ಇನ್ನೊಂದರ ಹಾಗೆ ಬರಲಿಲ್ಲ. ಒಂದೆಡೆ ಉಬ್ಬು, ಒಂದೆಡೆ ತಗ್ಗು, ಸಾಲಿಗ್ರಾಮದ ರಸ್ತೆಯಲ್ಲಿ ಸುಳಿ ತಿರುಗಿದ ಹಾಗೆ. ಮಂಚಯ್ಯ ಎಲ್ಲಿಯೂ ಹತ್ತು ಹೆಜ್ಜೆ ಹಿಂದೆ ಸರಿದು ನೋಡಲಿಲ್ಲ, ಅಳ್ಸು ಎನ್ನಲಿಲ್ಲ. ಎಲ್ಲಕ್ಕಿಂತ ಕೊನೆಯದು ಮಿರ್ಲೆಯ ಹಿರಿಮನೆಯ ಕಣಜದ ಗೋಡೆ, ಅವನ ಮನೆಯ ಎದುರಿಗೇ ಇರುವುದು. ಅದನ್ನೂ ಮುಗಿಸಿ, ಮೊಪೆಡ್ಡನ್ನು ಕೆ.ಆರ್. ನಗರದ ಗಿರಣಿಯಲ್ಲಿ ಒಪ್ಪಿಸಿ, ಬಸ್ಸಿನಲ್ಲಿ ಮನೆಗೆ ಬಂದುಬಿಟ್ಟ. ಅಣ್ಣತಮ್ಮ ಇಬ್ಬರೂ ಕೆಲಸಕ್ಕೆ ಕರೆದರು. ಯಾರ ಕಡೆಗೂ ಹೋಗಲಿಲ್ಲ.

ಒಂಟಿ ಕೊಕ್ಕರೆಯನ್ನು ಜನ ಒಪ್ಪಲಿಲ್ಲ. “ಜೋಡಿ ಇರೋದ್ ಕೊಡಿ” ಎಂದು ಹೆಂಗಸರು ಚೀಲ ಹಿಂದಕ್ಕೆ ತಳ್ಳಿದರು. ಚಿತ್ರ ಸ್ವಲ್ಪ ಬೇರೆಯಾದರೂ ಅದು ಕಳ್ಳ ಚೀಲವೆಂದು ಗುರುತಿಸಲು ಅವರಿಗೆ ಕಲಿಸಿದವನೇ ಮಂಚಯ್ಯ. ಕೆಲವೇ ವರ್ಷಗಳಲ್ಲಿ ಹೊಳೆಯುವ ಪ್ಲಾಸ್ಟಿಕ್ ಚೀಲಗಳಲ್ಲಿ ಬೇರೆ ಅಕ್ಕಿಗಳು ಬಂದವು. ಎರಡು ಗಿರಣಿಗಳೂ ಊರಿನವರ ಭತ್ತವನ್ನು ಕೂಲಿಗೆ ಆಡಿಸುವ ಮಟ್ಟಕ್ಕೆ ಇಳಿದವು. ಎರಡು ಸಾವಿರದ ಆರರಲ್ಲಿ ಲಿಂಗರಾಜು ಎದೆನೋವಿನಿಂದ ಹೋದ. ಉಮಾಶಂಕರ ಬಂದ. ಹುಣಸೂರಿನ ಗಿರಣಿಯ ಎದುರು ಬೇವಿನ ಮರದ ಕೆಳಗೇ ನಿಂತಿದ್ದ, ಒಳಗೆ ಹೋಗಲಿಲ್ಲ. ಮಣ್ಣು ಮಾಡುವಾಗ ಮಾತ್ರ ಮುಂದೆ ಬಂದು, ಮೂರು ಹಿಡಿ ಹಾಕಿ, ಯಾರ ಮುಖವನ್ನೂ ನೋಡದೆ ಕಾರು ಹತ್ತಿದ.

ಅದರ ಮರುವರ್ಷ, ಎರಡು ಮುಂಗಾರು ಸರಿಯಾಗಿ ಹೊಡೆದ ಮೇಲೆ, ಮಿರ್ಲೆಯ ಗೋಡೆಯಲ್ಲಿ ನೀಲಿ ತೆಳುವಾಗತೊಡಗಿತು. ಮೊದಲು ಒಂದು ಕಾಲು ಕಂಡಿತು. ಆಮೇಲೆ ರೆಕ್ಕೆ. ಬರಬರುತ್ತ ಲಿಂಗರಾಜುವಿನ ಪಾಲಿನ ಹಕ್ಕಿ, ಅಳಿಸಿದ್ದ ಜಾಗದಲ್ಲೇ, ಹೊಗೆಯ ಹಾಗೆ ಎದ್ದು ಬಂತು. ಕತ್ತುಗಳು ಹಾಯುವ ಕಡೆ ಹಳೆಯ ಬಿಳಿಯ ಮೇಲೆ ಜವರಯ್ಯನ ಬಿಳಿ ಬೆರೆತು, ಯಾವುದು ಮುಂದೆ ಯಾವುದು ಹಿಂದೆ ಎಂದು ಹೇಳುವಂತೆಯೇ ಇರಲಿಲ್ಲ. ಹೊಸ ಬಣ್ಣ ಹೊಡೆಸೋಣವೇ ಎಂದು ಆಳುಗಳು ಕೇಳಿದರೆ ಉಮಾಶಂಕರ ಗೋಡೆಯನ್ನು ನೋಡಿ, “ಬುಡ್ರೋ, ಇರ್ಲಿ,” ಎಂದನಂತೆ.

ಅವನ ಮಗಳು ಬೃಂದಾ ಆಗ ಮೈಸೂರಿನಲ್ಲಿ ಓದುತ್ತಿದ್ದಳು. ಮೊಬೈಲಿನಲ್ಲಿ ಆ ಗೋಡೆಯ ಫೋಟೊ ತೆಗೆದು, ಆಗ ಎಲ್ಲರೂ ಮುಗಿಬಿದ್ದಿದ್ದ ಆರ್ಕುಟ್‌ನಲ್ಲಿ ‘ಜೋಡಿ ಕೊಕ್ಕರೆ’ ಎಂದು ಒಂದು ಬಳಗ ಮಾಡಿ ಹಾಕಿದಳು. ನಾಲ್ಕೂ ತಾಲ್ಲೂಕಿನವರು ಬಂದು ಸೇರಿದರು. ಅಲ್ಲಿ ಒಂದು ಕಥೆ ತಾನಾಗಿ ಬೆಳೆಯಿತು: ಮಂಚಯ್ಯನಿಗೆ ಬಣ್ಣದ ಮರ್ಮ ಗೊತ್ತಿತ್ತು, ಅಣ್ಣತಮ್ಮಂದಿರ ಕೋಪ ಎಷ್ಟು ಮಳೆಗೆ ಇಳಿಯುತ್ತದೆಂದು ಲೆಕ್ಕ ಹಾಕಿ, ಅಷ್ಟೇ ಮಳೆಗೆ ತೊಳೆದುಹೋಗುವಂತೆ ಬೇಕೆಂದೇ ತೆಳ್ಳಗೆ ಬಳಿದಿದ್ದ. ಒಬ್ಬರು ಅವನನ್ನು ಋಷಿ ಎಂದು ಬರೆದರು. ನಾನೂ ಆ ಕಥೆಯನ್ನು ನಾಲ್ಕು ಜನಕ್ಕೆ ಹೇಳಿದ್ದೇನೆ, ಸ್ವಲ್ಪ ಉಪ್ಪುಖಾರ ಸೇರಿಸಿ.

ತಮ್ಮದಲ್ಲದ ಹೆಸರನ್ನು ತಮ್ಮ ಹೆಸರಿಗಿಂತ ಜೋಪಾನವಾಗಿ ಕಾಯುವ ಜನ ಕೆಲವರಿರುತ್ತಾರೆ. ಯಾವ ಪಾಲುಪಟ್ಟಿಯಲ್ಲೂ ಅವರು ಬರುವುದಿಲ್ಲ. ಹಂಚಿಕೊಂಡವರಿಗೆ ಒಂದೊಂದು ತುಂಡಾದರೂ ಸಿಗುತ್ತದೆ, ಇವರಿಗೆ ಎರಡು ತುಂಡುಗಳ ನಡುವಿನ ಖಾಲಿ ಜಾಗವಷ್ಟೇ ಉಳಿಯುತ್ತದೆ. ನಾವು ಅವರನ್ನು ಮೊದಲು ಹುಚ್ಚರೆಂದು ನಗುತ್ತೇವೆ, ಆಮೇಲೆ ಋಷಿಗಳೆಂದು ಕೈಮುಗಿಯುತ್ತೇವೆ. ಎರಡೂ ಸಲ ಅವರನ್ನು ಒಂದು ಮಾತು ಕೇಳುವುದನ್ನು ಮರೆತಿರುತ್ತೇವೆ.

ಕೇಳಿದವಳು ಬೃಂದಾ. ರಜೆಗೆ ಬಂದವಳು ಅವನ ಜಗಲಿಯಲ್ಲಿ ಕೂತು, ಜನ ಬರೆದದ್ದನ್ನೆಲ್ಲ ಒಂದೊಂದಾಗಿ ಓದಿ ಹೇಳಿದಳು. ಒಳಗಿನಿಂದ ಚಿಕ್ಕಬೀರಮ್ಮ, “ಋಷಿಯಂತೆ! ಸೌದೆ ಒಡೀ ಅಂದ್ರೆ ಒಡಿಯಕಿಲ್ಲ,” ಎಂದು ಗೊಣಗಿದಳು. ಮಂಚಯ್ಯ ಎದುರಿನ ಗೋಡೆಯನ್ನೇ ನೋಡುತ್ತಿದ್ದ.

“ನಿಜವಾ ಮಂಚಯ್ಯ ತಾತ?” ಎಂದಳು ಬೃಂದಾ. “ಬೇಕೂಂತಲೇ ತೆಳ್ಳಗೆ ಬಳಿದ್ರಾ?”

“ಇಲ್ಲ ಕಣವ್ವ,” ಎಂದ ಮಂಚಯ್ಯ. “ಎರಡ್ ಕೋಟ್ ಬಳೀಬೇಕಿತ್ತು. ಕೊನೇ ಗ್ವಾಡೆ ನೋಡು, ಬಣ್ಣ ಸಾಲ್ನಿಲ್ಲ.”